ಇನ್ನೋವಾ ಮಾರುವ ಟೊಯೊಟಾಗೆ 650 ಪಿಎಸ್ ಸ್ಪೋರ್ಟ್ಸ್ ಕಾರು ಯಾಕೆ ಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಇನ್ನೋವಾ, ಫಾರ್ಚೂನರ್, ಗ್ಲಾನ್ಜಾ ಮಾರುವ ಟೊಯೊಟಾದ ಸಾಲಿನಲ್ಲಿ ಜಿಆರ್ ಜಿಟಿ ಎಂಬ ಹೊಸ ಸ್ಪೋರ್ಟ್ಸ್ ಕಾರಿಗೆ ಜಾಗ ಎಲ್ಲಿ? ಹಿಂದಿನ ದೊಡ್ಡ ಸ್ಪೋರ್ಟ್ಸ್ ಕಾರು ಎಲ್‌ಎಫ್‌ಎ ಟೊಯೊಟಾದ್ದೇ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ ಹೆಸರಲ್ಲಿ ಬಂದಿತ್ತಲ್ಲ, ಇದು ಯಾಕೆ ಹಾಗೆ ಬರಲಿಲ್ಲ?

ದಾವಣಗೆರೆಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಬರುವ ಗಾಡಿಗಳಲ್ಲಿ ಟೊಯೊಟಾನೇ ಜಾಸ್ತಿ. ಧರ್ಮಸ್ಥಳ, ಶಿರಡಿ ಅಂತ ಬಾಡಿಗೆಗೆ ಓಡುವ ಇನ್ನೋವಾಗಳು, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಫಾರ್ಚೂನರ್‌ಗಳು, ಇನ್ನೂ ಗಟ್ಟಿಯಾಗಿರುವ ಒಂದೆರಡು ಕ್ವಾಲಿಸ್. ಸ್ಪೋರ್ಟ್ಸ್ ಕಾರಿನ ಹುಚ್ಚು ಕಾಲೇಜು ದಿನಗಳಿಂದಲೇ ಹತ್ತಿದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾರಿನ ಪರಿಚಯ. ಟೊಯೊಟಾ ಇದನ್ನು ತೋರಿಸಿದ್ದು 2025ರ ಡಿಸೆಂಬರ್‌ನಲ್ಲಿ. ಎರಡೇ ಸೀಟು. ಎಂಜಿನ್ ಮುಂದೆ, ಎಳೆಯೋದು ಹಿಂದಿನ ಗಾಲಿ. ಹೊಸದಾಗಿ ಮಾಡಿದ 4 ಲೀಟರ್ ವಿ8 ಎಂಜಿನ್, ಅದಕ್ಕೆ ಎರಡು ಟರ್ಬೊ, ಜೊತೆಗೊಂದು ಎಲೆಕ್ಟ್ರಿಕ್ ಮೋಟಾರು. ಕಂಪನಿ ಇಟ್ಟುಕೊಂಡ ಗುರಿ ಹೀಗಿದೆ: 650 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿ) ಮೀರಿದ ಶಕ್ತಿ, 850 ಎನ್‌ಎಂ ಮೀರಿದ ಟಾರ್ಕ್ (ತಿರುಗಿಸುವ ಬಲ), 1750 ಕೆ.ಜಿ. ಒಳಗೆ ತೂಕ, ಗಂಟೆಗೆ 320 ಕಿ.ಮೀ. ದಾಟುವ ವೇಗ. ಮಾರಾಟ 2027ರ ಸುಮಾರಿಗೆ. ಎತ್ತರ 1195 ಮಿ.ಮೀ. ಅಷ್ಟೇ. ಇನ್ನೋವಾ ಕ್ರಿಸ್ಟಾ 1795 ಮಿ.ಮೀ. ಇದೆ. ಪಕ್ಕಪಕ್ಕ ನಿಲ್ಲಿಸಿದರೆ ಸುಮಾರು ಎರಡಡಿ ಕೆಳಗೆ ಕಾಣುತ್ತದೆ.

ಈಗ ಸಾಲಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಜನ ಟೊಯೊಟಾವನ್ನು ಬೆಲೆ ಮೇಲೆ ಜೋಡಿಸಿಕೊಂಡಿರುತ್ತಾರೆ. ಮೊದಲು ಗ್ಲಾನ್ಜಾ, ಆಮೇಲೆ ಹೈರೈಡರ್, ಆಮೇಲೆ ಇನ್ನೋವಾ, ಕೊನೆಗೆ ಫಾರ್ಚೂನರ್. ಕೈಯಲ್ಲಿ ದುಡ್ಡು ಆಡಿದ ಹಾಗೆ ಒಂದೊಂದೇ ಮೇಲಕ್ಕೆ ಹೋಗೋದು. ಈ ಸಾಲಿನಲ್ಲಿ ಜಿಆರ್ ಜಿಟಿ ಹುಡುಕಿದರೆ ಸಿಗಲ್ಲ. ಫಾರ್ಚೂನರ್‌ನಿಂದ ಇದಕ್ಕೆ ಹತ್ತುವ ದಾರಿಯೇ ಇಲ್ಲ.

ಟೊಯೊಟಾಗೆ ಇನ್ನೊಂದು ಸಾಲು ಇದೆ. ಅದೇ ಜಿಆರ್, ಅಂದರೆ ಟೊಯೊಟಾದ ರೇಸ್ ವಿಭಾಗ ಗಾಜೂ ರೇಸಿಂಗ್. ಮಾರುವ ಕಾರುಗಳ ಸಾಲಿಗೆ ಜಿಆರ್ ಅನ್ನೋ ಹೆಸರು ಬಂದದ್ದು 2017ರಲ್ಲಿ. ಅದರಲ್ಲಿ ಜಿಆರ್ ಯಾರಿಸ್, ಜಿಆರ್ ಕೊರೊಲ್ಲಾ, ಜಿಆರ್86, ಜಿಆರ್ ಸುಪ್ರಾ ಬಂದಿವೆ. ಈ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡಿ. 2020ರಲ್ಲಿ ಬಂದ ಯಾರಿಸ್ ಪೂರ್ತಿ ಮನೆಯ ಕೂಸು. ರ‍್ಯಾಲಿ ರೇಸಿಗೆಂದೇ ಹುಟ್ಟಿದ ಕಾರು. ಮೂರೇ ಸಿಲಿಂಡರ್, 1.6 ಲೀಟರ್, ಜಪಾನಿನಲ್ಲಿ ಬಿಟ್ಟಾಗಲೇ 272 ಪಿಎಸ್. ಕೊರೊಲ್ಲಾಗೂ ಅದೇ ಎಂಜಿನ್. ಆದರೆ 2019ರ ಸುಪ್ರಾ? ಅದರ ಎಂಜಿನ್ ಬಿಎಂಡಬ್ಲ್ಯೂದು. ತಳಪಾಯವನ್ನು ಬಿಎಂಡಬ್ಲ್ಯೂ ಝಡ್4 ಜೊತೆ ಹಂಚಿಕೊಂಡಿದೆ. ಜೋಡಿಸಿದ್ದು ಆಸ್ಟ್ರಿಯಾದ ಗ್ರಾಝ್‌ನಲ್ಲಿ, ಮ್ಯಾಗ್ನಾ ಸ್ಟೈಯರ್ ಕಾರ್ಖಾನೆಯಲ್ಲಿ. ಜಿಆರ್86 ಸುಬಾರು ಜೊತೆ ಸೇರಿ ಮಾಡಿದ್ದು, ಎಂಜಿನ್ ಸುಬಾರುವಿನ ಬಾಕ್ಸರ್, ಅಂದರೆ ಸಿಲಿಂಡರ್‌ಗಳು ಎದುರುಬದುರು ಮಲಗಿರುವಂಥದ್ದು.

ಎರಡೂ ಒಳ್ಳೆಯ ಕಾರುಗಳೇ, ಅದರಲ್ಲಿ ಅನುಮಾನ ಬೇಡ. ಆದರೆ ವರ್ಷಕ್ಕೆ ಸುಮಾರು ಒಂದು ಕೋಟಿ ಗಾಡಿ ಮಾರುವ ಕಂಪನಿಯ ದೊಡ್ಡ ಸ್ಪೋರ್ಟ್ಸ್ ಕಾರು ಬೇರೆಯವರ ಎಂಜಿನ್ ಮೇಲೆ ನಿಂತಿತ್ತು. ಎಂಜಿನ್, ಚೌಕಟ್ಟು, ಸಸ್ಪೆನ್ಷನ್ ಎಲ್ಲ ನಮ್ಮದೇ ಅಂತ ಹೇಳಿಕೊಳ್ಳುವ ಕಾರು ಈ ಸಾಲಿನ ತುದಿಯಲ್ಲಿ ಇರಲಿಲ್ಲ. ಜಿಆರ್ ಜಿಟಿ ಕೂರೋದು ಸರಿಯಾಗಿ ಆ ಖಾಲಿ ಜಾಗದಲ್ಲಿ. ಇದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ.

ಹಾಗಾದರೆ ಲಾಭಕ್ಕಾಗಿ ಮಾಡಿದ್ದಾ? ನನ್ನ ಪ್ರಕಾರ ಅಲ್ಲ. ಇದು ಕೆಲಸಗಾರಿಕೆ ಉಳಿಸಿಕೊಳ್ಳಲು ಮಾಡಿದ ಕಾರು. ಟೊಯೊಟಾದವರೇ ಇದಕ್ಕೆ ಇಸೆ ದೇವಾಲಯದ ಪದ್ಧತಿಯನ್ನು ಹೋಲಿಸುತ್ತಾರೆ. ಜಪಾನಿನ ಆ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಹಳೆಯದು ಬಿದ್ದುಹೋಯಿತು ಅಂತಲ್ಲ. ಕಟ್ಟುವ ಕೈ ಮುಂದಿನ ತಲೆಮಾರಿಗೆ ದಾಟಲಿ ಅಂತ. ನಮ್ಮ ಕಡೆ ತೇರು ಹಳೆಯದಾಗಿ ಹೊಸದು ಮಾಡಿಸಬೇಕು ಅಂದಾಗ ಊರಿನವರಿಗೆ ಇದರ ಬಿಸಿ ತಟ್ಟುತ್ತದೆ. ಮರ ಸಿಗುತ್ತೆ, ದುಡ್ಡೂ ಕೂಡುತ್ತೆ. ಆ ಗಾಲಿ ಮಾಡಬಲ್ಲ ಬಡಗಿಯನ್ನು ಹುಡುಕೋದೇ ಕಷ್ಟ. ಟೊಯೊಟಾದ ಹಳೆಯ ಸ್ಪೋರ್ಟ್ಸ್ ಕಾರು 2000ಜಿಟಿ ಬಂದದ್ದು 1967ರಲ್ಲಿ. ಎಲ್‌ಎಫ್‌ಎ ತಯಾರಿಕೆ ಶುರುವಾದದ್ದು 2010ರ ಕೊನೆಗೆ. ಎರಡರ ನಡುವೆ ನಲವತ್ತು ವರ್ಷಕ್ಕೂ ಜಾಸ್ತಿ. ಮೊದಲನೆಯದನ್ನು ಮಾಡಿದವರು ಎರಡನೆಯದರ ಹೊತ್ತಿಗೆ ನಿವೃತ್ತರಾಗಿರುತ್ತಾರೆ ಅಲ್ವಾ? ಈ ಸಲ ಎಲ್‌ಎಫ್‌ಎ ಮಾಡಿದವರು ಇನ್ನೂ ಕಂಪನಿಯಲ್ಲಿ ಇರುವಾಗಲೇ ಮುಂದಿನದಕ್ಕೆ ಕೈ ಹಾಕಿದ್ದಾರೆ.

ಎಲ್‌ಎಫ್‌ಎ ಬಗ್ಗೆ ನಮ್ಮೂರಿನವರಿಗೆ ಹೇಳಲೇಬೇಕಾದ ಒಂದು ವಿಷಯ ಇದೆ. ಅದನ್ನು ಮೊದಲು ಅಲ್ಯುಮಿನಿಯಂನಲ್ಲಿ ಮಾಡುತ್ತಿದ್ದರು. ಅರ್ಧ ದಾರಿಯಲ್ಲಿ ಬಿಟ್ಟು ಕಾರ್ಬನ್ ಫೈಬರ್‌ಗೆ ಬಂದರು. ಕಾರ್ಬನ್ ಎಳೆಗಳನ್ನು ಕೊಳವೆ ಆಕಾರದಲ್ಲಿ ನೇಯಲು ದುಂಡಗಿನ ಮಗ್ಗವನ್ನೇ ತಯಾರು ಮಾಡಿದರು. ಸುತ್ತಲಿನಿಂದ ಎಳೆಗಳು ಬಂದು ನಡುವಿನ ಅಚ್ಚಿನ ಮೇಲೆ ಹೆಣೆದುಕೊಳ್ಳುತ್ತವೆ. ಮುಂದಿನ ಗಾಜಿನ ಪಕ್ಕದ ಕಂಬ ಹುಟ್ಟೋದು ಹಾಗೆ. ಕಾರಿನ ಕಂಪನಿಗೆ ಮಗ್ಗ ಹೇಗೆ ಗೊತ್ತು ಅಂತ ಕೇಳಬೇಡಿ. ಟೊಯೊಟಾ ಹುಟ್ಟಿದ್ದೇ ಮಗ್ಗದಿಂದ. ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ತಿಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ಹರಿದರೆ ತಾನೇ ನಿಂತುಬಿಡುತ್ತಿತ್ತು. ಅವರ ಮಗ ಕೀಚಿರೊ 1937ರಲ್ಲಿ ಕಾರು ಕಂಪನಿ ಕಟ್ಟಿದರು. ದಾವಣಗೆರೆಯ ಹತ್ತಿ ಮಿಲ್ಲುಗಳಲ್ಲಿ ದುಡಿದ ಹಿರಿಯರಿಗೆ ಎಳೆ ಹರಿದಾಗ ಮಗ್ಗ ನಿಲ್ಲೋದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ನೂಲಿನ ಆ ವಿದ್ಯೆ ಎಂಬತ್ತು ವರ್ಷ ದಾಟಿ ಸ್ಪೋರ್ಟ್ಸ್ ಕಾರಿಗೆ ಬಂತಲ್ಲ, ನನಗೆ ಅದು ಎಲ್‌ಎಫ್‌ಎಯ ಎಂಜಿನ್‌ಗಿಂತ ದೊಡ್ಡ ಸಂಗತಿ.

ಎಂಜಿನ್ ಏನೂ ಕಡಿಮೆಯಲ್ಲ ಬಿಡಿ. ಯಮಹಾ ಜೊತೆ ಮಾಡಿದ 4.8 ಲೀಟರ್ ವಿ10. ಐಡ್ಲಿಂಗ್‌ನಿಂದ 9000 ಆರ್‌ಪಿಎಂಗೆ 0.6 ಸೆಕೆಂಡಿನಲ್ಲಿ ಏರುತ್ತದೆ. ಮುಳ್ಳಿನ ಮೀಟರ್ ಅಷ್ಟು ಬೇಗ ತಿರುಗಲ್ಲ ಅಂತ ಡಿಜಿಟಲ್ ಮೀಟರ್ ಹಾಕಬೇಕಾಯಿತು. ಮೊಟೊಮಾಚಿ ಕಾರ್ಖಾನೆಯಲ್ಲಿ ದಿನಕ್ಕೊಂದರ ಹಾಗೆ ಎರಡು ವರ್ಷ ಕೈಯಲ್ಲೇ ಜೋಡಿಸಿದರು. ಒಟ್ಟು 500. ಬೆಲೆ ಅಮೆರಿಕದಲ್ಲಿ 3,75,000 ಡಾಲರ್. ಇಂದು ಜಿಆರ್ ಯಾರಿಸ್ ಹೊರಬರೋದು ಅದೇ ಮೊಟೊಮಾಚಿಯಿಂದ. ಅಲ್ಲೂ ಜೋಡಣೆಯಲ್ಲಿ ನುರಿತ ಕೈಗಳದ್ದೇ ದೊಡ್ಡ ಪಾಲು.

ಈಗ ಜಿಆರ್ ಜಿಟಿಯ ಒಳಗೆ ಬನ್ನಿ. ನಾವು ದಿನಾ ಬಿಚ್ಚುವ ಕಾರುಗಳಲ್ಲಿ ಎಂಜಿನ್ ಅಡಿಗೆ ಆಯಿಲ್ ಚೇಂಬರ್ ನೇತಾಡುತ್ತಿರುತ್ತದೆ. ಕಲ್ಲಿಗೆ ಬಡಿದು ಚೇಂಬರ್ ಒಡೆದುಕೊಂಡ ಗಾಡಿಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ತಿರುವಿನಲ್ಲಿ ಜೋರಾಗಿ ಹೋದರೆ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಆಯಿಲ್ ಹೀರುವ ಸ್ಟ್ರೈನರ್ ಗಾಳಿ ಎಳೆದರೆ ಬೇರಿಂಗ್ ಹೋಯಿತು ಅಂತಲೇ ಲೆಕ್ಕ. ಜಿಆರ್ ಜಿಟಿಯಲ್ಲಿ ಡ್ರೈ ಸಂಪ್ ಇದೆ. ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಅಲ್ಲಿಂದ ಪಂಪು ಎಂಜಿನ್ನಿಗೆ ಕೊಡುತ್ತದೆ. ದೊಡ್ಡ ಚೇಂಬರ್ ಬೇಕಿಲ್ಲದ ಕಾರಣ ಎಂಜಿನ್ ಇನ್ನೂ ಕೆಳಗೆ ಕೂರುತ್ತದೆ. ಟರ್ಬೊಗಳು ಪಕ್ಕದಲ್ಲಿಲ್ಲ, ವಿ ಆಕಾರದ ನಡುವೆಯೇ ಇವೆ. ಗೇರ್‌ಬಾಕ್ಸ್ ಹಿಂದಿನ ಗಾಲಿಗಳ ಹತ್ತಿರಕ್ಕೆ ಹೋಗಿದೆ. ಹೀಗೆ ತೂಕ ಮುಂದೆ 45, ಹಿಂದೆ 55 ಅಂತ ಹಂಚಿಕೆಯಾಗಿದೆ.

ಚೌಕಟ್ಟು ಪೂರ್ತಿ ಅಲ್ಯುಮಿನಿಯಂ. ಟೊಯೊಟಾಗೆ ಇದು ಮೊದಲ ಸಲ. ಅಲ್ಯುಮಿನಿಯಂ ಹಗುರ ಅಂತ ಎಲ್ಲರೂ ಹೇಳುತ್ತಾರೆ. ಅದರ ಜೊತೆ ಕೆಲಸ ಮಾಡೋದು ಎಷ್ಟು ಕಷ್ಟ ಅಂತ ಟಿಂಕರಿಂಗ್ ಮಾಡುವವರನ್ನು ಕೇಳಿ. ಕಬ್ಬಿಣದ ತಗಡು ಬಗ್ಗಿದರೆ ನಮ್ಮ ಹುಡುಗ ಹಿಂದೆ ಡಾಲಿ ಹಿಡಿದು ಮುಂದೆ ಸುತ್ತಿಗೆಯಲ್ಲಿ ತಟ್ಟುತ್ತಾ ಮತ್ತೆ ರೂಪಕ್ಕೆ ತರುತ್ತಾನೆ. ಅಲ್ಯುಮಿನಿಯಂ ಒಮ್ಮೆ ಹಿಗ್ಗಿತು ಅಂದರೆ ಹಾಗೆ ಸುಲಭಕ್ಕೆ ವಾಪಸ್ ಬರಲ್ಲ. ಜಾಸ್ತಿ ಬಡಿದರೆ ಬಿರುಕು. ವೆಲ್ಡಿಂಗ್ ಬೇರೆ, ಶಾಖದ ಅಂದಾಜು ಬೇರೆ. ಕಬ್ಬಿಣ ಉಜ್ಜಿದ ಬ್ರಷ್ಷನ್ನು ಅದರ ಮೇಲೆ ಹಾಕುವ ಹಾಗೂ ಇಲ್ಲ. ಇಂಥ ಕೆಲಸವನ್ನು ಒಂದು ಕಂಪನಿ ಮೊದಲು ಕಲಿಯಬೇಕಾದ್ದು ಕಡಿಮೆ ಸಂಖ್ಯೆಯ, ಜಾಸ್ತಿ ಬೆಲೆಯ ಕಾರಿನಲ್ಲೇ. ಲಕ್ಷಗಟ್ಟಲೆ ಮಾಡುವ ಕೊರೊಲ್ಲಾದಲ್ಲಿ ಪ್ರಯೋಗಕ್ಕೆ ಇಳಿಯೋಕೆ ಆಗಲ್ಲ.

ಮೇಲಿನ ಕಾರು ಕೆಳಗಿನವಕ್ಕೆ ಏನಾದರೂ ಕೊಡಲೇಬೇಕು, ಇಲ್ಲದಿದ್ದರೆ ಅದು ಶೋರೂಮಿನ ಅಲಂಕಾರ ಅಷ್ಟೇ. ಪೋರ್ಷೆ ಇದನ್ನು ಚೆನ್ನಾಗಿ ಮಾಡಿದೆ. 1980ರ ದಶಕದ 959ರಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಹಂಚುವ ಪದ್ಧತಿ, ಜೋಡಿ ಟರ್ಬೊ ಇದ್ದವು. 1989ರ ಹೊತ್ತಿಗೆ ನಾಲ್ಕೂ ಗಾಲಿ ಎಳೆಯುವ 911 ಕರೆರಾ 4 ಬಂತು. 1995ರ 911 ಟರ್ಬೊದಲ್ಲಿ ಎರಡೂ ಸೇರಿದವು. ಹೊಂಡಾದ ಎರಡನೇ ಎನ್‌ಎಸ್‌ಎಕ್ಸ್ ನೋಡಿ. 2016ರಲ್ಲಿ ಅದ್ಭುತ ಹೈಬ್ರಿಡ್ ಆಗಿ ಬಂತು, 2022ರಲ್ಲಿ ನಿಂತಿತು. ಸಿವಿಕ್ ಟೈಪ್ ಆರ್ ಕೆಳಗೆ, ಎನ್‌ಎಸ್‌ಎಕ್ಸ್ ಮೇಲೆ, ನಡುವೆ ಬಯಲು. ನಿಸ್ಸಾನ್ ಜಿಟಿ-ಆರ್ 2007ರಿಂದ 2025ರವರೆಗೆ ಒಂದೇ ತಲೆಮಾರಿನಲ್ಲಿ ಎಳೆಯಿತು. ನಮ್ಮ ಟಾಟಾ ಕೂಡ 2017ರಲ್ಲಿ ಜಿನೀವಾದಲ್ಲಿ ರೇಸ್ಮೊ ಎಂಬ ಸ್ಪೋರ್ಟ್ಸ್ ಕಾರು ತೋರಿಸಿತ್ತು. ಅದು ಕಾರ್ಖಾನೆಗೆ ಬರಲೇ ಇಲ್ಲ. ನನಗೆ ಈಗಲೂ ಅದರ ಬೇಜಾರಿದೆ.

ಜಿಆರ್ ಸಾಲಿಗೆ ಈ ಬಯಲಿನ ಕಾಟ ಕಡಿಮೆ. ಕೆಳಗೆ ಜಿಆರ್ ಕಾರುಗಳು ಆಗಲೇ ಇವೆ. ಮೇಲೆ ರೇಸ್ ಕಾರು ಇದೆ. ಜಿಆರ್ ಜಿಟಿ ಜೊತೆಗೇ ಜಿಆರ್ ಜಿಟಿ3 ಅನ್ನೂ ತೋರಿಸಿದರು. ಜಿಟಿ3 ಅನ್ನೋ ವರ್ಗದ ರೇಸಿಗೆ ಇಳಿಯಬೇಕಾದರೆ ರಸ್ತೆಯಲ್ಲಿ ಓಡುವ ಕಾರು ಆಧಾರವಾಗಿ ಇರಬೇಕು. ಇಲ್ಲಿಯವರೆಗೆ ಟೊಯೊಟಾ ಲೆಕ್ಸಸ್ ಆರ್‌ಸಿ ಎಫ್ ಎಂಬ ಕೂಪೆಯನ್ನು ತಿದ್ದಿ ತೀಡಿ ಓಡಿಸುತ್ತಿತ್ತು. ಈ ಸಲ ರೇಸನ್ನು ತಲೆಯಲ್ಲಿಟ್ಟುಕೊಂಡೇ ರಸ್ತೆಯ ಕಾರು ಮಾಡಿದ್ದಾರೆ. ಗಾಳಿ ಹೇಗೆ ಹರಿಯಬೇಕು, ಡ್ರೈವರ್ ಎಲ್ಲಿ ಕೂರಬೇಕು ಅನ್ನೋದು ಮೊದಲು ಗೊತ್ತಾಯಿತು. ಆಮೇಲೆ ಅಂದಚೆಂದ.

ಕೆಳಗಿನಿಂದ ಮೇಲಕ್ಕೂ ಹರಿಯುತ್ತದೆ, ಅದನ್ನು ಮರೆಯಬಾರದು. ಹೈಬ್ರಿಡ್ ಕೈಚಳಕ ಟೊಯೊಟಾ ಕಲಿತದ್ದು 1997ರ ಪ್ರಿಯಸ್ಸಿನಿಂದ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಲ್ಲೂ ಹೈಬ್ರಿಡ್ ಇದೆ. ಜಿಆರ್ ಜಿಟಿಯದ್ದು ಅದೇ ಪದ್ಧತಿ ಅಲ್ಲ, ಅಲ್ಲಿ ಮೋಟಾರಿನ ಕೆಲಸ ಮೈಲೇಜ್ ಕೊಡೋದಲ್ಲ, ತಿರುವಿನಿಂದ ಹೊರಬರುವಾಗ ತಳ್ಳೋದು. ಆದರೂ ಮೋಟಾರು ಮತ್ತು ಎಂಜಿನ್ ಹೊಂದಿಕೊಂಡು ದುಡಿಯುವ ಹಾಗೆ ಮಾಡೋದನ್ನು ಇವರು ಕಲಿತದ್ದು ಸಾಮಾನ್ಯ ಮನೆಯ ಕಾರುಗಳಲ್ಲೇ.

ಇನ್ನು ಲೆಕ್ಸಸ್ ಪ್ರಶ್ನೆ. ಎಲ್‌ಎಫ್‌ಎ ಬಂದಾಗ ಜಿಆರ್ ಅನ್ನೋ ಹೆಸರಿನ ಕಾರುಗಳೇ ಇರಲಿಲ್ಲ. ಅಕಿಯೊ ಟೊಯೊಡಾ 2009ರಲ್ಲಿ ಅಧ್ಯಕ್ಷರಾದರು. ಅವರಿಗೆ ಕಾರು ಓಡಿಸೋದು ಕಲಿಸಿದ ಹಿರಿಯ ಟೆಸ್ಟ್ ಡ್ರೈವರ್ ಹಿರೊಮು ನರುಸೆ 2010ರ ಜೂನ್‌ನಲ್ಲಿ ಎಲ್‌ಎಫ್‌ಎ ಪರೀಕ್ಷಿಸುವಾಗಲೇ ಜರ್ಮನಿಯ ನುರ್ಬರ್ಗ್‌ರಿಂಗ್ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ಆ ಟ್ರ್ಯಾಕಿನಲ್ಲಿ ತಾನು ಹಳೆಯ ಸುಪ್ರಾ ಓಡಿಸುತ್ತಿದ್ದಾಗ ಬೇರೆ ಕಂಪನಿಗಳ ಹೊಸ ಪರೀಕ್ಷಾ ಕಾರುಗಳು ಹಿಂದೆ ಹಾಕಿ ಹೋಗುತ್ತಿದ್ದವು ಅಂತ ಅಕಿಯೊ ಹಲವು ಸಲ ಹೇಳಿಕೊಂಡಿದ್ದಾರೆ. 2011ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ಗ್ರಾಹಕರು ಲೆಕ್ಸಸ್ ಬೋರ್ ಅಂತ ಮುಖದ ಮೇಲೇ ಹೇಳಿದರು. ಆಗ ಮೇಲೆತ್ತಬೇಕಾಗಿದ್ದ ಹೆಸರು ಲೆಕ್ಸಸ್.

ಈಗ ಹಾಗಿಲ್ಲ. ಟೊಯೊಟಾ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸನ್ನು 2018ರಿಂದ 2022ರವರೆಗೆ ಸತತ ಐದು ಸಲ ಗೆದ್ದಿದೆ. ರ‍್ಯಾಲಿಯಲ್ಲೂ ಗೆಲ್ಲುತ್ತಿದೆ. ಅದನ್ನೆಲ್ಲ ಗೆದ್ದದ್ದು ಗಾಜೂ ರೇಸಿಂಗ್ ಹೆಸರಲ್ಲಿ. ಗೆದ್ದವರ ಹೆಸರನ್ನೇ ಕಾರಿನ ಮೇಲೆ ಹಾಕಿದ್ದಾರೆ, ನನಗದು ನ್ಯಾಯ ಅನ್ನಿಸುತ್ತದೆ. ಲೆಕ್ಸಸ್ಸನ್ನು ಕೈ ಬಿಟ್ಟಿಲ್ಲ. ಅದೇ ದಿನ ಲೆಕ್ಸಸ್ ಎಲ್‌ಎಫ್‌ಎ ಕಾನ್ಸೆಪ್ಟ್ ಕೂಡ ತೋರಿಸಿದರು. ಅದು ಪೂರ್ತಿ ಎಲೆಕ್ಟ್ರಿಕ್. ಚೌಕಟ್ಟು ಮಾತ್ರ ಜಿಆರ್ ಜಿಟಿಯ ಜೊತೆ ಹಂಚಿಕೊಂಡ ಅದೇ ಅಲ್ಯುಮಿನಿಯಂ. ಅಂದರೆ ಒಂದೇ ಕೆಲಸ ಕಲಿತು ಎರಡು ಕಡೆ ಬಳಸುತ್ತಿದ್ದಾರೆ: ಪೆಟ್ರೋಲ್ ವಿ8 ಬೇಕೆನ್ನುವವರಿಗೆ ಜಿಆರ್, ಬ್ಯಾಟರಿ ಕಡೆ ವಾಲಿದವರಿಗೆ ಲೆಕ್ಸಸ್.