ಸ್ಟ್ರಾಲರ್ ತಗೊಳ್ಳುವಾಗ ಬ್ರ್ಯಾಂಡಿನ ಊರಲ್ಲ, ಚಕ್ರ ನೋಡಿ

ಬೇಬಿಹಗ್ ಯಾವ ದೇಶದ್ದು, ಕಡಿಮೆ ಬೆಲೆಯ ಅವರ ಸ್ಟ್ರಾಲರ್ (ಮಗು ಕೂರಿಸಿ ತಳ್ಳುವ ಗಾಡಿ) ಮೈಸೂರಲ್ಲಿ ಬಾಳಿಕೆ ಬರುತ್ತಾ ಅಂತ ಕೇಳಿದ್ದೀರಿ. ನಾನೂ ಹೀಗೇ ಕಂಪನಿಯ ಪೂರ್ವಾಪರ ವಿಚಾರಿಸಿಯೇ ಬೇರೊಂದು ಗಾಡಿ ತಂದಿದ್ದೆ. ಅಗ್ರಹಾರದಲ್ಲಿ ಚರಂಡಿ ಮೇಲಿನ ಮೂರನೇ ಚಪ್ಪಡಿಗೇ ಮುಂದಿನ ಚಕ್ರ ತಗುಲಿ ಗಕ್ಕನೆ ನಿಂತುಬಿಟ್ಟಿತು. ಬೆಲ್ಟ್ ಹಾಕಿದ್ದಕ್ಕೆ ಮಗು ಬೀಳಲಿಲ್ಲ.

ನನ್ನ ತಪ್ಪು ಇಷ್ಟೇ: ಅಂಗಡಿಯ ಟೈಲ್ಸ್ ಮೇಲೆ ಖಾಲಿ ಗಾಡಿ ತಳ್ಳಿ, ಹಗುರ ಅಂತ ಖುಷಿಪಟ್ಟು ದುಡ್ಡು ಕೊಟ್ಟೆ. ಚಕ್ರ ಅಳೆಯಲಿಲ್ಲ. ಅದರ ವ್ಯಾಸ 5 ಇಂಚು. ಒಂದು ಇಂಚು ಮೇಲೆದ್ದ ಚಪ್ಪಡಿಯ ಅಂಚನ್ನು ಅಂಥ ಚಕ್ರ ಹತ್ತಬೇಕಾದರೆ, ಅದರ ಮೇಲಿರುವ ಭಾರದ 1.33 ಪಟ್ಟು ಬಲದಲ್ಲಿ ನೇರ ಮುಂದಕ್ಕೆ ತಳ್ಳಬೇಕು. ಅದೇ ಅಂಚಿಗೆ 10 ಇಂಚಿನ ಚಕ್ರವಾದರೆ ಭಾರದ 0.75 ಪಟ್ಟು ಸಾಕು. ಸಣ್ಣ ಚಕ್ರಕ್ಕೆ ಜೋರು ಕೊಟ್ಟಷ್ಟೂ ಹಿಂದಿನ ಚಕ್ರ ಮೇಲೇಳುತ್ತೆ, ಗಾಡಿ ಮುಗ್ಗರಿಸುತ್ತೆ. ಮುಂದಿನ ಚಕ್ರ ಸುತ್ತ ತಿರುಗುವಂಥದ್ದಾದರೆ ಇನ್ನೂ ಕಷ್ಟ, ಅಂಚು ತಾಕಿದ ಕೂಡಲೇ ಅಡ್ಡಕ್ಕೆ ತಿರುಗಿ ಸಂದಿಯೊಳಗೆ ಕೂರುತ್ತೆ. ಅದಕ್ಕೇ ಮುಂದಿನ ಚಕ್ರಕ್ಕೆ ಲಾಕ್ ಇರುವುದನ್ನೇ ತಗೊಳ್ಳಿ, ಒರಟು ನೆಲದಲ್ಲಿ ಅದನ್ನು ಹಾಕಿಯೇ ತಳ್ಳಿ. ಎತ್ತರದ ಅಂಚು ಬಂದರೆ ಗಾಡಿ ತಿರುಗಿಸಿ, ಹಿಂದಿನ ಚಕ್ರ ಮೊದಲು ಹತ್ತುವ ಹಾಗೆ ಎಳೆದುಕೊಳ್ಳಿ.

ಬೇಬಿಹಗ್ ಅನ್ನೋದು ಮಕ್ಕಳ ಸಾಮಾನು ಮಾರುವ ಪುಣೆಯ ಕಂಪನಿ ಫಸ್ಟ್‌ಕ್ರೈನ ಸ್ವಂತ ಬ್ರ್ಯಾಂಡ್. ಆ ಕಂಪನಿಯನ್ನು 2010ರಲ್ಲಿ ಶುರು ಮಾಡಿದವರು ಸುಪಮ್ ಮಹೇಶ್ವರಿ ಮತ್ತು ಅಮಿತಾವ ಸಾಹಾ. ಇದು ತಿಳಿದರೂ ಚಪ್ಪಡಿ ಸಮ ಆಗಲ್ಲ. ಕೊಡೆಯಂತೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದ್ದು ಇಂಗ್ಲೆಂಡಿನ ಓವೆನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ವಿಮಾನದ ಚಕ್ರದ ಕಾಲುಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್. ಅಷ್ಟು ದೊಡ್ಡ ಹೆಸರಿನ ಅವರ ಮ್ಯಾಕ್ಲಾರೆನ್ ಬ್ರ್ಯಾಂಡೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಮಡಚುವ ಕೀಲಿಗೆ ಹೊದಿಕೆ ಕೊಡಬೇಕಾಯಿತು. ಗಾಡಿ ಬಿಚ್ಚುವಾಗ ಕೀಲಿಗೆ ಸಿಕ್ಕಿ 12 ಮಕ್ಕಳ ಬೆರಳ ತುದಿ ತುಂಡಾಗಿತ್ತು. ನೀವೂ ಬಿಚ್ಚುವಾಗ, ಮಡಚುವಾಗ ಮಗುವನ್ನು ದೂರ ಕೂರಿಸಿ.

ನಿಮ್ಮದು ಎರಡು ತಿಂಗಳ ಮಗು ಅಂದಿರಿ. ಹಾಗಾದರೆ ಕೊಡೆ ಗಾಡಿ ಬೇಡವೇ ಬೇಡ. ಆರು ತಿಂಗಳೊಳಗಿನ ಕೂಸಿಗೆ ಸೀಟು ಹೆಚ್ಚುಕಡಿಮೆ ಪೂರ್ತಿ ಮಲಗಬೇಕು, ಯುರೋಪಿನ ನಿಯಮದಂತೆ ಕೂರುವ ಭಾಗಕ್ಕೂ ಬೆನ್ನಿನ ಭಾಗಕ್ಕೂ ನಡುವೆ 150 ಡಿಗ್ರಿಯಾದರೂ ಇರಬೇಕು. ಇಲ್ಲದಿದ್ದರೆ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆ. ಹೆಗಲಿಗೆ, ಸೊಂಟಕ್ಕೆ, ಕಾಲ ನಡುವೆ ಸೇರಿ ಐದು ಕಡೆ ಕಟ್ಟುವ ಬೆಲ್ಟ್ ಇರಲಿ. ಮಾರ್ಕೆಟ್ಟಿನ ತರಕಾರಿ ಚೀಲವನ್ನು ಹಿಡಿಕೆಗೆ ನೇತುಹಾಕಬೇಡಿ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತೆ.

ಇದೇ ಬ್ರ್ಯಾಂಡ್ ಬೇಕು ಅಂದರೂ ಆನ್‌ಲೈನ್ ಬೇಡ, ಅಂಗಡಿಗೆ ಹೋಗಿ. ಟೇಪ್ ತಗೊಂಡು ಹೋಗಿ ಚಕ್ರ ಅಳೆಯಿರಿ. ಸೀಟಲ್ಲಿ ಐದು ಕಿಲೋ ಅಕ್ಕಿ ಚೀಲ ಇಟ್ಟು, ಬಾಗಿಲಾಚೆ ರಸ್ತೆಗೆ ಇಳಿಸಿ ತಳ್ಳಲು ಬಿಡಿ ಅಂತ ಕೇಳಿ.