ಆರು ಮಂದಿ, ಏಳು ದಿನ, ಶ್ರೀಲಂಕಾ: ಪಟ್ಟಿಯಿಂದ ಯಾವುದನ್ನು ಬಿಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಪದವಿಯ ಕೊನೆಯ ವರ್ಷದ ಆರು ಮಂದಿ ಸ್ನೇಹಿತರು, ಎಲ್ಲರಿಗೂ ಇದು ಮೊದಲ ವಿದೇಶ ಪ್ರವಾಸ, ಕೈಯಲ್ಲಿರುವುದು ಏಳು ದಿನ. ಸಿಗಿರಿಯಾ, ಕ್ಯಾಂಡಿ, ‘ಎಲ್ಲಾ’ ಎಂಬ ಬೆಟ್ಟದೂರು, ಯಾಲಾ ವನ್ಯಜೀವಿ ಉದ್ಯಾನ, ದಕ್ಷಿಣ ಕರಾವಳಿಯ ಗಾಲೆ, ಕೊಲಂಬೊ, ಪೂರ್ವ ಕರಾವಳಿಯ ಟ್ರಿಂಕೋಮಲಿ ಇಷ್ಟನ್ನೂ ನೋಡಬಹುದೇ? ಗುಂಪಿನಲ್ಲಿ ಮನಸ್ತಾಪ ಬಾರದಂತೆ ಏನು ಮಾಡಬೇಕು?

ನೋಡಬಹುದು, ವ್ಯಾನಿನ ಕಿಟಕಿಯಿಂದ. ಇಳಿದು ನೋಡುವ ಆಸೆಯಿದ್ದರೆ ಟ್ರಿಂಕೋಮಲಿ ಮತ್ತು ಯಾಲಾ ಎರಡನ್ನೂ ಈಗಲೇ ಹೊಡೆದುಹಾಕಿ. ಕೊಲಂಬೊಗೆ ಅರ್ಧ ದಿನ ಸಾಕು. ಎಂ.ಎಸ್ಸಿ. ಓದುತ್ತಿದ್ದಾಗ ಸಹಪಾಠಿಗಳ ಜೊತೆ ಒಂದು ಫೆಬ್ರವರಿಯಲ್ಲಿ ನಾನು ಸುತ್ತಿದ್ದು ಹೆಚ್ಚುಕಡಿಮೆ ಇದೇ ದಾರಿ. ಆದ್ದರಿಂದ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತಿದ್ದೇನೆ.

ಭೂಪಟದಲ್ಲಿ ಆ ದ್ವೀಪ ಚಿಕ್ಕದಾಗಿ ಕಾಣುವುದೇ ಎಲ್ಲ ತಪ್ಪು ಲೆಕ್ಕಕ್ಕೂ ಮೂಲ. ಅದರ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗ. ಪಶ್ಚಿಮ ಮತ್ತು ದಕ್ಷಿಣದ ಎಕ್ಸ್‌ಪ್ರೆಸ್‌ ಹೆದ್ದಾರಿಗಳನ್ನು ಬಿಟ್ಟರೆ ಉಳಿದ ರಸ್ತೆಗಳು ಊರೂರಿನ ನಡುವೆಯೇ ಹಾದುಹೋಗುತ್ತವೆ. ಘಟ್ಟದಲ್ಲಿ ನೂರು ಕಿಲೋಮೀಟರ್ ಎಂದರೆ ಮೂರು ಗಂಟೆಗೂ ಮೇಲೆ ಎಂದುಕೊಳ್ಳಿ. ಇನ್ನೊಂದು ಕಾರಣ ಮಳೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಗಾಲೆಯ ಕಡೆಯ ಕಡಲನ್ನು ಕೆರಳಿಸುತ್ತದೆ. ವರ್ಷದ ಕೊನೆಯಲ್ಲಿ ಬರುವ ಈಶಾನ್ಯ ಮಾರುತ ಟ್ರಿಂಕೋಮಲಿಯ ಕಡೆ ಸುರಿಯುತ್ತದೆ. ಎರಡೂ ಕರಾವಳಿ ಒಟ್ಟಿಗೆ ಚೆನ್ನಾಗಿರುವ ತಿಂಗಳುಗಳು ತೀರಾ ಕಡಿಮೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರು ದಕ್ಷಿಣವನ್ನು ಹಿಡಿಯಬೇಕು, ಪೂರ್ವವನ್ನು ಬಿಡಬೇಕು.

ಯಾಲಾ ಬಿಡಿ ಎಂದರೆ ನಿಮ್ಮಲ್ಲಿ ಒಬ್ಬರಾದರೂ ಮುನಿಸಿಕೊಳ್ಳುತ್ತಾರೆ, ಗೊತ್ತು. ಅಲ್ಲಿನ ಚಿರತೆಗಳ ಹೆಸರು ದೊಡ್ಡದು. ಆದರೆ ಪ್ರವೇಶ ಶುಲ್ಕ, ಜೀಪು ಎಲ್ಲ ಸೇರಿದರೆ ವಿದ್ಯಾರ್ಥಿಯ ಜೇಬಿಗೆ ಅದು ಭಾರ. ನಾಗರಹೊಳೆ, ಬಂಡೀಪುರ ಕೈಗೆಟುಕುವಷ್ಟು ಹತ್ತಿರ ಇರುವ ನಾವು ವಿಮಾನ ಹತ್ತಿ ಹೋಗಿ ಜೀಪುಗಳ ಸಾಲಿನ ಹಿಂದೆ ಧೂಳು ಕುಡಿಯುವುದರಲ್ಲಿ ನನಗಂತೂ ಅರ್ಥ ಕಾಣಲಿಲ್ಲ.

ವಿಮಾನ ನಿಲ್ದಾಣ ಇರುವುದು ಕೊಲಂಬೊದಲ್ಲಿ ಅಲ್ಲ, ಅದರಿಂದ ಸುಮಾರು ಮೂವತ್ತು ಕಿಲೋಮೀಟರ್ ಉತ್ತರಕ್ಕೆ, ಕಟುನಾಯಕದಲ್ಲಿ. ಹಾಗಾಗಿ ಮೊದಲ ದಿನ ನಗರದೊಳಗೆ ಹೋಗಲೇಬೇಡಿ, ನೇರವಾಗಿ ಸಿಗಿರಿಯಾದ ದಾರಿ ಹಿಡಿಯಿರಿ. ಆರು ಜನರಿಗೆ ಚಾಲಕ ಸಮೇತ ಒಂದು ವ್ಯಾನ್ ಹೇಳಿ ಮಾಡಿಸಿದ ಹಾಗಿರುತ್ತದೆ. ಅಲ್ಲಿನವರು ಅದನ್ನು ಕೆಡಿಎಚ್ ಎನ್ನುತ್ತಾರೆ. ಬಾಡಿಗೆಯನ್ನು ಆರು ಪಾಲು ಮಾಡಿದರೆ ತಲೆಗೆ ಬರುವ ಮೊತ್ತ ಬಸ್ಸಿನಷ್ಟು ಅಗ್ಗವಲ್ಲದಿದ್ದರೂ ಅಳುವಷ್ಟೂ ಆಗುವುದಿಲ್ಲ.

ಸಿಗಿರಿಯಾ ಎಂದರೆ ಸುತ್ತಲಿನ ಬಯಲಿನಿಂದ ಸುಮಾರು ಇನ್ನೂರು ಮೀಟರ್ ಎದ್ದು ನಿಂತ ಬಂಡೆ. ಐದನೆಯ ಶತಮಾನದಲ್ಲಿ ತಂದೆ ಧಾತುಸೇನನನ್ನು ಕೊಲ್ಲಿಸಿ ಪಟ್ಟಕ್ಕೆ ಬಂದ ಕಾಶ್ಯಪ, ತಮ್ಮ ಮೊಗ್ಗಲ್ಲಾನನಿಗೆ ಹೆದರಿ ಅದರ ನೆತ್ತಿಯಲ್ಲಿ ಅರಮನೆ ಕಟ್ಟಿಕೊಂಡ. ಅಷ್ಟು ಎತ್ತರದಲ್ಲಿ ಕುಳಿತರೂ ಕೊನೆಗೆ ಸೋತದ್ದು ಕೆಳಗಿನ ಯುದ್ಧದಲ್ಲಿ. ಅರ್ಧ ದಾರಿಯಲ್ಲಿ ಸುಂದರಿಯರ ವರ್ಣಚಿತ್ರಗಳಿವೆ, ಫೋಟೊ ತೆಗೆಯುವಂತಿಲ್ಲ. ಪಕ್ಕದಲ್ಲೇ ಕನ್ನಡಿ ಗೋಡೆ; ಸಾವಿರ ವರ್ಷಕ್ಕೂ ಹಿಂದೆ ಬಂದ ಪ್ರವಾಸಿಗರು ಆ ಸುಂದರಿಯರನ್ನು ನೋಡಿ ಗೀಚಿದ ಪದ್ಯಗಳು ಅದರ ಮೇಲೆ ಉಳಿದಿವೆ. ಗೋಡೆಯ ಮೇಲೆ ಬರೆಯುವ ಹುಡುಗರ ಚಪಲಕ್ಕೆ ಇತಿಹಾಸದ ಮಾನ್ಯತೆ ಸಿಕ್ಕಿರುವುದು ಬಹುಶಃ ಅಲ್ಲಿ ಮಾತ್ರ. ವಿದೇಶಿಯರಿಗೆ ಟಿಕೆಟ್ ದುಬಾರಿ, ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ರಿಯಾಯಿತಿ ದರ. ಆದರೆ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಭದ್ರವಾಗಿರಲಿ ಎಂದು ಅದನ್ನು ಕೋಣೆಯಲ್ಲಿ ಬಿಟ್ಟು ಬರುವ ಜಾಣರು ಪೂರ್ತಿ ದರ ಕೊಡುತ್ತಾರೆ.

ಮನಸ್ತಾಪದ ಬಗೆಗಿನ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ನಮಗೆ ಸಿಕ್ಕಿದ್ದೂ ಅಲ್ಲೇ. ರಿಯಾಯಿತಿ ದರವೂ ಕೆಲವರಿಗೆ ಹೆಚ್ಚೆನಿಸಿತು. ಸಿಗಿರಿಯಾದ ಎದುರಿಗೇ ಪಿದುರಂಗಲ ಎಂಬ ಇನ್ನೊಂದು ಬಂಡೆಯಿದೆ. ಬುಡದಲ್ಲಿ ಬೌದ್ಧ ದೇವಾಲಯ, ಶುಲ್ಕ ಬಹಳ ಕಡಿಮೆ, ಕೊನೆಯಲ್ಲಿ ಕಲ್ಲುಗಳ ನಡುವೆ ನುಸುಳಿ ಹತ್ತಬೇಕು. ಕೆಲವರು ಅತ್ತ ಹೋದರು, ಕೆಲವರು ಇತ್ತ. ಸಿಗಿರಿಯಾ ಹತ್ತಿದವರಿಗೆ ಸಿಗಿರಿಯಾದ ಆಕಾರ ಕಾಣುವುದಿಲ್ಲ, ಅದು ಕಾಣುವುದು ಪಿದುರಂಗಲದ ತುದಿಯಿಂದ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಇವರ ಕಥೆ ಅವರಿಗೆ ಬೇಕು, ಅವರ ಫೋಟೊ ಇವರಿಗೆ ಬೇಕು. ಆ ಪ್ರವಾಸದ ಅತ್ಯಂತ ಗದ್ದಲದ, ಸಂತೋಷದ ಊಟ ಅದು. ಅಲ್ಲಿಂದಾಚೆಗೆ ದಿನಕ್ಕೊಮ್ಮೆ ಗುಂಪು ಒಡೆಯುವುದನ್ನು ನಾವು ನಿಯಮವನ್ನಾಗಿಯೇ ಮಾಡಿಕೊಂಡೆವು: ಒಂಟಿಯಾಗಿ ಯಾರೂ ಹೋಗುವಂತಿಲ್ಲ, ಇಬ್ಬರು ಮೂವರು ಸೇರಿ ಎಲ್ಲಿಗಾದರೂ ಹೋಗಬಹುದು, ರಾತ್ರಿ ಊಟಕ್ಕೆ ಎಲ್ಲರೂ ಹಾಜರಿರಬೇಕು. ಆರು ಜನ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಕಡೆ ಒಂದೇ ಹೊತ್ತಿಗೆ ಇರಲೇಬೇಕು ಎಂಬ ಹಟವೇ ಅರ್ಧ ಜಗಳಗಳಿಗೆ ಕಾರಣ. ಒಬ್ಬನಿಗೆ ಆರು ಗಂಟೆಗೆ ಬೆಟ್ಟ ಹತ್ತಬೇಕು, ಇನ್ನೊಬ್ಬಳಿಗೆ ಹತ್ತು ಗಂಟೆಯವರೆಗೆ ಮಲಗಬೇಕು. ಇಬ್ಬರೂ ದುಡ್ಡು ಕೊಟ್ಟೇ ಬಂದಿರುತ್ತಾರೆ.

ಉಳಿದರ್ಧ ಜಗಳ ಹಣದ್ದು. ಹೊರಡುವ ಮೊದಲು ಒಬ್ಬರು ಎಲ್ಲರನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು: ವಿಮಾನದ ಟಿಕೆಟ್ ಬಿಟ್ಟು ನೀನು ಎಷ್ಟು ಖರ್ಚು ಮಾಡಬಲ್ಲೆ? ಗುಂಪಿನ ಮುಂದೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಬಂದ ಉತ್ತರಗಳಲ್ಲಿ ಅತಿ ಕಡಿಮೆ ಯಾವುದೋ ಅದಕ್ಕೆ ತಕ್ಕಂತೆ ವಸತಿ ಮತ್ತು ವ್ಯಾನ್ ಗೊತ್ತುಮಾಡಿ, ಅದು ಯಾರ ಉತ್ತರ ಎಂದು ಹೇಳಬೇಡಿ. ಹೆಚ್ಚು ಹಣ ತಂದವರು ತಮ್ಮ ಪಾಡಿಗೆ ಸಫಾರಿಗೋ ಮಸಾಜಿಗೋ ಖರ್ಚು ಮಾಡಿಕೊಳ್ಳಲಿ. ವಸತಿ, ವ್ಯಾನ್, ನೀರು, ಚಾಲಕರ ಭಕ್ಷೀಸು ಇವಕ್ಕೆ ಮೊದಲೇ ಸಮನಾಗಿ ಜಮಾ ಮಾಡಿದ ಒಂದು ಸಾಮಾನ್ಯ ನಿಧಿ ಇರಲಿ, ಅದಕ್ಕೊಬ್ಬ ಖಜಾಂಚಿ ಇರಲಿ. ಊಟವನ್ನು ಮಾತ್ರ ಆ ನಿಧಿಗೆ ಸೇರಿಸಬೇಡಿ. ಸಿಗಡಿ ತಿಂದವನ ಬಿಲ್ಲನ್ನು ಅನ್ನ-ಬೇಳೆ ತಿಂದವಳು ಹಂಚಿಕೊಳ್ಳುವ ಲೆಕ್ಕ ಎರಡು ದಿನ ತಮಾಷೆಯಾಗಿರುತ್ತದೆ, ಮೂರನೆಯ ದಿನ ಇರುವುದಿಲ್ಲ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕೂ ಹೆಚ್ಚು ರೂಪಾಯಿ ಸಿಗುವುದರಿಂದ ಮೊದಮೊದಲು ಎಲ್ಲರಿಗೂ ಶ್ರೀಮಂತಿಕೆಯ ಅಮಲು ಏರುತ್ತದೆ, ಖಜಾಂಚಿಗೆ ಅದು ಏರಬಾರದು. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲಿನ ಲಂಕಾ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಡೆಯುತ್ತದೆ. ಆದರೂ ದಾರಿಬದಿಯ ಎಳನೀರಿಗೆ, ಹಳ್ಳಿಯ ಹೋಟೆಲಿಗೆ ನಗದೇ ಬೇಕು.

ಎರಡನೆಯ ದಿನ ದಾಂಬುಳ್ಳದ ಗುಹಾ ದೇವಾಲಯ ನೋಡಿಕೊಂಡು ಕ್ಯಾಂಡಿಗೆ ಹೋಗಿ, ಅಲ್ಲಿ ಎರಡು ರಾತ್ರಿ ಉಳಿಯಿರಿ. ಬುದ್ಧನ ದಂತವನ್ನಿಟ್ಟಿರುವ ದಳದಾ ಮಾಳಿಗಾವಕ್ಕೆ ಸಂಜೆಯ ಪೂಜೆಯ ಹೊತ್ತಿಗೆ ಹೋದರೆ ಡೋಲುಗಳ ಸದ್ದು ಕೇಳಬಹುದು. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳಬೇಡಿ, ಅಲ್ಲಿ ಅದು ದೊಡ್ಡ ಅಪಚಾರ. ದೇವಾಲಯದ ಎದುರಿನ ಕೆರೆಯನ್ನು ಕಟ್ಟಿಸಿದವನು ಕ್ಯಾಂಡಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ. ಅವನ ವಂಶ ಮದುರೆಯ ನಾಯಕರ ಸಂಬಂಧದ್ದು, ಆ ನಾಯಕರಾದರೋ ಮೊದಲು ವಿಜಯನಗರದ ಅಧೀನದಲ್ಲಿ ಮದುರೆಯನ್ನು ಆಳುತ್ತಿದ್ದವರು. 1815ರಲ್ಲಿ ಬ್ರಿಟಿಷರು ಅವನನ್ನು ಸೆರೆಹಿಡಿದು ವೆಲ್ಲೂರಿಗೆ ಕಳಿಸಿದರು, ಅವನ ಸಮಾಧಿ ಇಂದಿಗೂ ಅಲ್ಲಿದೆ. ಹಂಪಿ ನೋಡಿ ಬಂದವರಿಗೆ ಈ ಕೊಂಡಿ ಕುತೂಹಲ ಹುಟ್ಟಿಸದೆ ಇರದು.

ನಾಲ್ಕನೆಯ ದಿನ ರೈಲು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಕ್ಯಾಂಡಿಯಿಂದ ಎಲ್ಲಾ ಊರಿಗೆ ಆರೇಳು ಗಂಟೆ. ಕಾಯ್ದಿರಿಸಿದ ಆಸನಗಳು ಬೇಗ ಖಾಲಿಯಾಗುತ್ತವೆ. ಸಿಗದಿದ್ದರೆ ಕಾಯ್ದಿರಿಸದ ಎರಡನೆಯ ಅಥವಾ ಮೂರನೆಯ ದರ್ಜೆಯ ಟಿಕೆಟನ್ನು ಅಂದೇ ನಿಲ್ದಾಣದಲ್ಲಿ ಕೊಳ್ಳಬಹುದು, ನಿಲ್ಲಲು ಸಿದ್ಧರಿರಬೇಕು. ಚೀಲಗಳನ್ನು ವ್ಯಾನಿನಲ್ಲೇ ಬಿಡಿ, ಚಾಲಕರು ರಸ್ತೆಯಲ್ಲಿ ಬಂದು ಎಲ್ಲಾದಲ್ಲಿ ಕಾಯುತ್ತಾರೆ. ನಾನು ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ಬೆಳೆದವನಾದ್ದರಿಂದ ಈ ಹಳಿಯ ಇತಿಹಾಸ ನನ್ನನ್ನು ಉಳಿದವರಿಗಿಂತ ಹೆಚ್ಚು ಕಾಡಿತು. ಕೊಲಂಬೊದಿಂದ ಕ್ಯಾಂಡಿಗೆ 1867ರಲ್ಲಿ ರೈಲು ಬಂದದ್ದು ಕಾಫಿ ಸಾಗಿಸಲು. ಎರಡೇ ವರ್ಷದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು, ಕೆಲವು ದಶಕಗಳಲ್ಲಿ ಕಾಫಿ ನೆಲಕಚ್ಚಿತು. ಅದೇ 1867ರಲ್ಲಿ ಜೇಮ್ಸ್ ಟೇಲರ್ ಎಂಬಾತ ಲೂಲೆಕಂಡೇರಾದಲ್ಲಿ ಹತ್ತೊಂಬತ್ತು ಎಕರೆ ಚಹಾ ಹಾಕಿದ್ದ, ಮುಂದೆ ಆ ಗಿಡವೇ ಬೆಟ್ಟಗಳನ್ನೆಲ್ಲ ಆವರಿಸಿತು. ಅದೇ ರೋಗ ನಮ್ಮ ತೋಟಗಳಿಗೂ ಬಂತು, ಇಂದಿಗೂ ಇದೆ, ಆದರೂ ನಾವು ಕಾಫಿಯನ್ನೇ ಹಿಡಿದುಕೊಂಡೆವು. ಕಿಟಕಿಯಾಚೆ ಮರದ ನೆರಳಿಲ್ಲದ, ಒಪ್ಪವಾಗಿ ಕತ್ತರಿಸಿದ ಹಸಿರು ಇಳಿಜಾರು ನೋಡುತ್ತ, ತುಕ್ಕು ರೋಗ ಗೆದ್ದಿದ್ದರೆ ನಮ್ಮ ಮಲೆನಾಡೂ ಹೀಗೇ ಇರುತ್ತಿತ್ತೇನೋ ಎಂದುಕೊಂಡೆ. ತೋಟಗಳಲ್ಲಿ ಎಲೆ ಕೀಳುವವರಲ್ಲಿ ಹೆಚ್ಚಿನವರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಹರಕು ತಮಿಳು ಬಲ್ಲ ಬೆಂಗಳೂರಿನ ಗೆಳತಿಯೊಬ್ಬಳು ನಮ್ಮ ಜೊತೆಗಿದ್ದದ್ದರಿಂದ ಅಲ್ಲಿ ಮಾತು ಸುಲಭವಾಯಿತು.

ಬಾಗಿಲಿನಿಂದ ಹೊರಗೆ ನೇತಾಡಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಆ ರೈಲಿನಲ್ಲಿ ವಿಪರೀತ. ದಾರಿಯುದ್ದಕ್ಕೂ ಸುರಂಗಗಳಿವೆ, ಹಳಿಗೆ ತಾಗಿಯೇ ಬಂಡೆಗಳಿವೆ. ಈ ಒಂದು ವಿಷಯದಲ್ಲಿ ಮಾತ್ರ ಗುಂಪಿನ ಹಿರಿಯರಂತೆ ಗದರಿ. ಹೊರಡುವ ವಾರ ರೈಲು ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತ ಈ ಬೆಟ್ಟದ ಹಳಿಗೆ ತೀವ್ರ ಹಾನಿ ಮಾಡಿತ್ತು. ಎಲ್ಲಾದಲ್ಲಿ 1921ರ ಒಂಬತ್ತು ಕಮಾನಿನ ಸೇತುವೆ, ಚಿಕ್ಕ ಆಡಮ್ಸ್ ಪೀಕ್ ಎರಡಕ್ಕೂ ನಡೆದೇ ಹೋಗಬಹುದು. ಅಲ್ಲಿಯೂ ಎರಡು ರಾತ್ರಿ.

ಊಟದ ವಿಷಯ. ನಿಮ್ಮಲ್ಲಿ ಸಸ್ಯಾಹಾರಿಗಳಿದ್ದರೆ ಇದನ್ನು ಓದಿಸಿ. ಅನ್ನದ ಜೊತೆ ನಾಲ್ಕೈದು ಪಲ್ಯ, ಪರಿಪ್ಪು ಎಂಬ ಬೇಳೆ ಸಾರು, ಬೆಳಗ್ಗೆ ಅಪ್ಪ, ಒತ್ತು ಶಾವಿಗೆಯಂಥ ಇಂದಿಯಪ್ಪ, ಎಲ್ಲವೂ ತೆಂಗಿನಕಾಯಿಮಯ. ಉಪವಾಸ ಬೀಳುವ ಭಯವಿಲ್ಲ. ಆದರೆ ಕಾಯಿತುರಿಯ ಪೋಲ್ ಸಂಬೋಲದಲ್ಲಿ ಉಂಬಲಕಡ ಎಂಬ ಒಣಮೀನಿನ ಪುಡಿ ಬೆರೆತಿರುವುದು ಸಾಮಾನ್ಯ, ಕೇಳದೆ ಬಡಿಸಿಕೊಳ್ಳಬೇಡಿ. ರೈಲಿನಲ್ಲಿ ಮಾರುವ ವಡೆಯ ಮೇಲೆ ಸಿಗಡಿ ಕುಳಿತಿರುತ್ತದೆ. ಧಾರವಾಡದ ಗೆಳೆಯನೊಬ್ಬ ಅದನ್ನು ಅಲಂಕಾರವೆಂದು ತಿಳಿದಿದ್ದ. ತಮಿಳರ ಸೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಲ್ಲಿ ಈ ಚಿಂತೆ ಇಲ್ಲ.

ಆರನೆಯ ದಿನ ಬೆಟ್ಟ ಇಳಿದು ಗಾಲೆಗೆ. ಪೋರ್ಚುಗೀಸರು ಶುರುಮಾಡಿ ಡಚ್ಚರು ಬೆಳೆಸಿದ ಕೋಟೆಯೊಳಗೆ ಜನ ಇಂದಿಗೂ ವಾಸವಾಗಿದ್ದಾರೆ. 2004ರ ಸುನಾಮಿಯಲ್ಲಿ ಹೊರಗಿನ ಊರು ಕೊಚ್ಚಿಹೋದರೂ ಕೋಟೆಯ ಗೋಡೆ ಒಳಗಿನವರನ್ನು ಕಾಯಿತು. ಮರುದಿನ ಕಡಲ ಅಂಚಿನಲ್ಲೇ ಸಾಗುವ ರೈಲಿನಲ್ಲಿ ಕೊಲಂಬೊ, ಪೆಟ್ಟಾದ ಪೇಟೆಯಲ್ಲಿ ಒಂದು ಸುತ್ತು, ರಾತ್ರಿಯ ವಿಮಾನ. ನಿಮ್ಮ ದಿನಗಳಲ್ಲಿ ಹುಣ್ಣಿಮೆ ಇದೆಯೇ ನೋಡಿಕೊಳ್ಳಿ. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ಎಂಬ ಸರ್ಕಾರಿ ರಜೆ, ಅಂದು ಮದ್ಯ ಮಾರುವುದಿಲ್ಲ. ಪ್ರಯಾಣದ ಅನುಮತಿಯನ್ನು ಸರ್ಕಾರದ ಅಧಿಕೃತ ಇಟಿಎ ಜಾಲತಾಣದಲ್ಲೇ ಪಡೆಯಿರಿ. ಅದೇ ಥರ ಕಾಣುವ ಮಧ್ಯವರ್ತಿಗಳ ತಾಣಗಳು ಹೆಚ್ಚು ಹಣ ಕೀಳುತ್ತವೆ.

ಟ್ರಿಂಕೋಮಲಿಯ ಕಡಲೇ ಬೇಕು ಎಂದು ಯಾರಾದರೂ ಪಟ್ಟು ಹಿಡಿದರೆ, ಪ್ರವಾಸವನ್ನೇ ಪರೀಕ್ಷೆ ಮುಗಿದ ಮೇಲೆ ಜೂನ್ ಅಥವಾ ಜುಲೈಗೆ ಹಾಕಿ. ಆಗ ಸಿಗಿರಿಯಾದಿಂದ ನೇರ ಪೂರ್ವಕ್ಕೆ ಹೋಗಿ ಬಂದು, ಕ್ಯಾಂಡಿ ಮತ್ತು ಎಲ್ಲಾ ನೋಡಿ, ಗಾಲೆಯನ್ನು ಕೈಬಿಡಬಹುದು.