‘ವಂಶವಾಹಿ’ ಎಂಬ ಪದ ತಂದಿಟ್ಟ ಅಪರಾಧಿಭಾವ: ಒಂದು ಆಪ್ತಸಲಹೆ ಪ್ರಕರಣ

ನಾಲ್ಕು ವರ್ಷದ ಮಗನಿಗೆ ಬಿ-ಕೋಶದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವುದು ಖಚಿತವಾದ ಮೂರನೆಯ ವಾರದಲ್ಲಿ ದಂಪತಿ ನನ್ನ ಬಳಿಗೆ ಬಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಸ್ಥಿಮಜ್ಜೆಯ ಪರೀಕ್ಷೆಯಲ್ಲಿ ‘ವಂಶವಾಹಿಯ (ಜೀನ್) ಬದಲಾವಣೆ’ ಕಂಡಿದೆಯೆಂದು ವೈದ್ಯರು ತಿಳಿಸಿದ್ದರು. ತಾಯಿಯ ತಂದೆ ಎಪ್ಪತ್ತು ದಾಟಿದ ಮೇಲೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಈ ಎರಡನ್ನೂ ಜೋಡಿಸಿ ಅತ್ತೆ ಆಡಿದ ‘ನಿಮ್ಮ ಕಡೆಯಿಂದ ಬಂದದ್ದು’ ಎಂಬ ಒಂದು ಮಾತು ಆಕೆಯ ನಿದ್ದೆಗೆಡಿಸಿತ್ತು. ಒಂದೂವರೆ ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಬೇಕೇ ಎಂಬುದು ಅವರ ಇನ್ನೊಂದು ಪ್ರಶ್ನೆ.

ಇಂಥ ಸಂದರ್ಭಗಳಲ್ಲಿ ಅರ್ಧ ತೊಂದರೆ ಆ ಪದದ್ದೇ ಎಂದು ನನಗೆ ಅನಿಸುತ್ತದೆ. ‘ವಂಶ’ ಎಂಬುದು ಕಿವಿಗೆ ಬಿದ್ದೊಡನೆ ಜನ ಮನೆತನವನ್ನು ಹುಡುಕತೊಡಗುತ್ತಾರೆ. ಹುಡುಗನಲ್ಲಿ ಕಂಡದ್ದು 12 ಮತ್ತು 21ನೆಯ ವರ್ಣತಂತುಗಳ (ವಂಶವಾಹಿಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮ್) ತುಣುಕುಗಳು ಅದಲುಬದಲಾಗಿ ಉಂಟಾದ ಇಟಿವಿ6 ಮತ್ತು ರನ್ಎಕ್ಸ್1 ಎಂಬ ಎರಡು ವಂಶವಾಹಿಗಳ ಜೋಡಣೆ. ಇದು ತಂದೆತಾಯಿಯಿಂದ ಬರುವುದಲ್ಲ, ಸಾಮಾನ್ಯವಾಗಿ ಮಗು ಗರ್ಭದಲ್ಲಿರುವಾಗ ಅದರದೇ ಒಂದು ರಕ್ತಕೋಶದಲ್ಲಿ ಆಕಸ್ಮಿಕವಾಗಿ ಘಟಿಸುವಂಥದ್ದು. ಅಷ್ಟರಿಂದಲೇ ಕಾಯಿಲೆ ಬರುವುದಿಲ್ಲ, ಹುಟ್ಟಿದ ಮೇಲೆ ಅದೇ ಕೋಶಗಳಲ್ಲಿ ಬೇರೆ ಬದಲಾವಣೆಗಳೂ ಆಗಬೇಕು. ಏಕರೂಪಿ ಅವಳಿಗಳಿಬ್ಬರಲ್ಲೂ ಇದು ಕಾಣಿಸಿಕೊಂಡದ್ದುಂಟು, ಆದರೆ ಅಲ್ಲಿಯೂ ಅದು ದಾಟುವುದು ಇಬ್ಬರೂ ಹಂಚಿಕೊಂಡ ಮಾಸುಚೀಲದ ರಕ್ತದ ಮೂಲಕ.

ಆನುವಂಶಿಕ ಕಾರಣಗಳೇ ಇಲ್ಲವೆಂದು ನಾನು ಹೇಳಲಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಲ್ಯುಕೇಮಿಯಾ ಹೆಚ್ಚು. ಹುಟ್ಟಿನಿಂದಲೇ, ಕ್ಯಾನ್ಸರನ್ನು ತಡೆಯುವ ಟಿಪಿ53 ವಂಶವಾಹಿಯಲ್ಲಿ ದೋಷವಿರುವ ಕುಟುಂಬಗಳೂ ಇವೆ. ಹೀಗಾಗಿ ಮೂರು ತಲೆಮಾರಿನ ವಿವರ ಬರೆದುಕೊಂಡೆ. ಎಳೆಯ ವಯಸ್ಸಿನ ಕ್ಯಾನ್ಸರ್ ಎಲ್ಲಿಯೂ ಇರಲಿಲ್ಲ, ಅಜ್ಜನದು ಮುಪ್ಪಿನಲ್ಲಿ ಬರುವ ಬೇರೆಯೇ ಬಗೆ. ಒಡಹುಟ್ಟಿದವರಿಗಿರುವ ಅಪಾಯ ತೀರ ಚಿಕ್ಕದಾದ್ದರಿಂದ ಆರೋಗ್ಯವಾಗಿರುವ ಮಗಳಿಗೆ ಸೂಜಿ ಚುಚ್ಚಿಸುವುದು ಬೇಡವೆಂದೆ.

ತಂದೆಯ ಭಯ ಬೇರೆಯಾಗಿತ್ತು. ಕೆಲವು ಲ್ಯುಕೇಮಿಯಾಗಳಲ್ಲಿ ಕಾಣುವ ಫಿಲಡೆಲ್ಫಿಯಾ ವರ್ಣತಂತುವಿನ ಬಗ್ಗೆ ಎಲ್ಲೋ ಓದಿ, ಮಗನದೂ ಅದೇ ಎಂದುಕೊಂಡಿದ್ದರು. 1960ರಲ್ಲಿ ಗುರುತಿಸಲಾದ ಆ ಬದಲಾವಣೆ 9 ಮತ್ತು 22ನೆಯ ವರ್ಣತಂತುಗಳದ್ದು, ಮಕ್ಕಳಲ್ಲಿ ಅಪರೂಪ. ಇಮಾಟಿನಿಬ್‌ನಂಥ ಔಷಧಿಗಳು ಬಂದ ಮೇಲೆ ಅದರ ಭವಿಷ್ಯವೂ ಮೊದಲಿನಷ್ಟು ಕರಾಳವಲ್ಲ. ಇವರ ಮಗನಲ್ಲಿರುವುದಾದರೋ ಒಳ್ಳೆಯ ಫಲಿತಾಂಶದ ಗುಂಪು: ಪೂರ್ಣ ಚಿಕಿತ್ಸೆ ದೊರೆತಲ್ಲಿ ಇಂಥ ಮಕ್ಕಳಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ರೋಗ ಪತ್ತೆಯಾದ ಮೇಲೆ ಐದು ವರ್ಷ ದಾಟಿ ಬದುಕಿರುತ್ತಾರೆ. ವಯಸ್ಸು ಒಂದರಿಂದ ಹತ್ತರೊಳಗಿರುವುದು, ಆರಂಭದ ಬಿಳಿರಕ್ತಕಣ ಮೈಕ್ರೋಲೀಟರಿಗೆ 50,000ಕ್ಕಿಂತ ಕಡಿಮೆಯಿದ್ದುದು ಎರಡೂ ಅವನ ಪರವಾಗಿದ್ದವು. ಆದರೂ ಈ ಲೆಕ್ಕಗಳಿಗಿಂತ ಹೆಚ್ಚು ತೂಕದ್ದು ಚಿಕಿತ್ಸೆಯ ಮೊದಲ ಹಂತದ ಕೊನೆಯಲ್ಲಿ ಉಳಿದಿರುವ ರೋಗಕೋಶಗಳ ಪ್ರಮಾಣ. ಆ ವರದಿ ಬರುವವರೆಗೆ ಯಾವ ಭರವಸೆಯನ್ನೂ ಅಂತಿಮವೆಂದುಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ.

ತಂದೆತಾಯಿಯಿಂದಲೇ ಬರುವ ಒಂದು ಸಂಗತಿಯನ್ನು ಮಾತ್ರ ವೈದ್ಯರಲ್ಲಿ ಕೇಳಿ ಎಂದು ಬರೆದುಕೊಟ್ಟೆ. ಟಿಪಿಎಂಟಿ ಮತ್ತು ಎನ್‌ಯುಡಿಟಿ15 ವಂಶವಾಹಿಗಳ ಭಿನ್ನತೆ ಕಾಯಿಲೆಯನ್ನು ತರುವುದಿಲ್ಲ. ಈ ಚಿಕಿತ್ಸೆಯಲ್ಲಿ ಕೊಡುವ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ಮಗುವಿನ ದೇಹ ಎಷ್ಟು ತಾಳಿಕೊಳ್ಳುತ್ತದೆ ಎಂಬುದನ್ನು ತಿಳಿಸಿ, ಡೋಸ್ ತಗ್ಗಿಸಬೇಕೇ ಎಂದು ತೀರ್ಮಾನಿಸಲು ನೆರವಾಗುತ್ತದೆ.

ಮುಂದಿನ ಭೇಟಿಯ ಹೊತ್ತಿಗೆ ಉಳಿಕೆ ರೋಗದ ಪ್ರಮಾಣ ಶೇಕಡ 0.01ಕ್ಕಿಂತ ಕೆಳಗಿತ್ತು, ಅದು ಒಳ್ಳೆಯ ಸೂಚನೆ. ಆ ದಿನ ತಾಯಿ ಅತ್ತೆಯನ್ನೂ ಕರೆತಂದಿದ್ದರು. ‘ವಂಶವಾಹಿ’ ಎಂದರೇನೆಂದು ಇವರಿಗೂ ಒಮ್ಮೆ ಹೇಳಿ ಎಂದರು.